ಕದದ ಕೆಳಗಿನ ಅರ್ಧ ಅಂಗುಲ

ಮನೆಯ ವಿಷಯವಾಗಿ ಬರೆಯಹೊರಟವರು ಸಾಮಾನ್ಯವಾಗಿ ಹೆಬ್ಬಾಗಿಲನ್ನು ಹೊಗಳುತ್ತಾರೆ. ಜಗಲಿಯನ್ನೂ ದೇವರ ಕೋಣೆಯನ್ನೂ ಅಡಿಗೆಮನೆಯನ್ನೂ ವರ್ಣಿಸುತ್ತಾರೆ. ಒಂದು ಕೋಣೆಯ ನೆಲ ಮುಗಿದು ಇನ್ನೊಂದು ಕೋಣೆಯ ನೆಲ ಮೊದಲಾಗುವ ಎಡೆಯನ್ನು ಕುರಿತು ಬರೆದವರು ವಿರಳ. ನಿಂತು ನೋಡುವುದಕ್ಕೆ ಅಲ್ಲಿ ಏನೂ ಇಲ್ಲ; ದಾಟಿದ ಕೂಡಲೆ ಮರೆತುಬಿಡುವ ಸ್ಥಳವದು. ಆದರೆ ವೃದ್ಧರಿರುವ ಮನೆಯಲ್ಲಿ ಈ ಮರೆವಿಗೆ ದೊಡ್ಡ ಬೆಲೆಯನ್ನು ತೆರಬೇಕಾಗಿ ಬರುವುದುಂಟು. ಕಳೆದ ಬೇಸಗೆಯಲ್ಲಿ ನಮ್ಮ ಮನೆಯ ಎರಡು ಒಳಬಾಗಿಲುಗಳ ಕೆಳಗೆ ಏನನ್ನು ಇಡಬೇಕು, ಎಲ್ಲಿ ಇಡಬೇಕು, ಎಷ್ಟು ಎತ್ತರಕ್ಕೆ ಇಡಬೇಕು ಎಂಬ ಚರ್ಚೆ ಹದಿನೈದು ದಿವಸ ನಡೆಯಿತು. ಅದರಿಂದ ತಿಳಿದುಬಂದುದನ್ನು ಗೃಹಸ್ಥರಾದ ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ನಮ್ಮ ಊರು ನೆಲ್ಯಾಡಿ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಉಪ್ಪಿನಂಗಡಿಯನ್ನು ಕಳೆದು, ಶಿರಾಡಿ ಘಾಟಿಯನ್ನು ಏರುವುದಕ್ಕೆ ಮುಂಚೆ ಸಿಕ್ಕುವ ಪೇಟೆ. ಹಿಂದೆ ಪುತ್ತೂರು ತಾಲೂಕಿನಲ್ಲಿದ್ದುದು ಈಗ ಕಡಬ ತಾಲೂಕಿಗೆ ಸೇರಿದೆ. ತಾಲೂಕಿನ ಗಡಿ ಹೀಗೆ ಸರಿದಾಗ ಯಾರ ಕಾಲೂ ಎಡವಲಿಲ್ಲ. ಹೆದ್ದಾರಿಗೆ ಇದ್ದ 48 ಎಂಬ ಸಂಖ್ಯೆ ಹೋಗಿ 75 ಬಂದಾಗಲೂ ಲಾರಿಗಳು ಒಂದು ನಿಮಿಷ ನಿಲ್ಲಲಿಲ್ಲ. ಕಾಗದದ ಮೇಲಣ ಗೆರೆಯನ್ನು ದಾಟುವುದು ಸುಲಭ. ನೆಲದ ಮೇಲಣ ಗೆರೆಯ ಸಂಗತಿ ಬೇರೆ.

ಇಲ್ಲಿಯ ಹಳೆಯ ಮನೆಗಳೆಲ್ಲ ಬಹುಮಟ್ಟಿಗೆ ಒಂದೇ ತರದವು: ಮುರಕಲ್ಲಿನ ದಪ್ಪ ಗೋಡೆ, ಹಂಚಿನ ಮಾಡು, ಸುತ್ತಲೂ ಅಡಿಕೆಯ ಅಥವಾ ರಬ್ಬರಿನ ತೋಟ. ಬಾಗಿಲ ಚೌಕಟ್ಟಿಗೆ ನಮ್ಮ ಸೀಮೆಯಲ್ಲಿ ದಾರಂದವೆಂದು ಹೆಸರು. ಹಿಂದಿನ ದಾರಂದಕ್ಕೆ ನಾಲ್ಕು ಮರಗಳಿರುತ್ತಿದ್ದುವು. ಎಡಬಲಗಳಲ್ಲಿ ನಿಂತವು ಎರಡು, ಮೇಲೆ ಅಡ್ಡಲಾಗಿ ಒಂದು, ಕೆಳಗೆ ಅಡ್ಡಲಾಗಿ ಒಂದು. ಕೆಳಗಿನದೇ ಹೊಸ್ತಿಲು. ನಿಂತ ಮರಗಳ ಬುಡವನ್ನು ಹೊಸ್ತಿಲಿನೊಳಗೆ ಕೊರೆದು ಕೂಡಿಸುತ್ತಿದ್ದುದರಿಂದ ದಾರಂದವು ಎಷ್ಟು ಮಳೆಗಾಲ ಕಳೆದರೂ ಓರೆಯಾಗದೆ ನಿಲ್ಲುತ್ತಿತ್ತು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಎರಚಲಿನ ನೀರನ್ನೂ ಚೇರಟೆಯನ್ನೂ ಇಲಿಯನ್ನೂ ಹಾವನ್ನೂ ತಡೆಯುವುದಕ್ಕೆ ಮೂರು ನಾಲ್ಕು ಅಂಗುಲ ಎತ್ತರದ ಆ ಮರವೇ ಸಾಧನವಾಗಿತ್ತು.

ಹೊಸ್ತಿಲಿಗೆ ಸಲ್ಲುತ್ತಿದ್ದ ಗೌರವವೂ ಚಿಕ್ಕದಲ್ಲ. ಹಿರಣ್ಯಕಶಿಪುವಿನ ವಧೆ ಮನೆಯ ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸ್ತಿಲ ಮೇಲೆಯೇ ಆಯಿತೆಂದು ಎಳೆಯ ಮಕ್ಕಳಿಗೂ ಗೊತ್ತು. ಸೋಣ ತಿಂಗಳಿನಲ್ಲಿ ಹೊಸ್ತಿಲನ್ನು ಬರೆದು ಹೂವಿಟ್ಟು ಪೂಜಿಸುವ ವಾಡಿಕೆ ಕರಾವಳಿಯ ಅನೇಕ ಮನೆಗಳಲ್ಲಿ ಇಂದಿಗೂ ಉಂಟು. ಹೊಸ್ತಿಲ ಮೇಲೆ ಕುಳಿತುಕೊಳ್ಳಬಾರದು, ಅದನ್ನು ಮೆಟ್ಟಬಾರದು, ದಾಟಿಯೇ ಹೋಗಬೇಕು ಎಂದು ಹಿರಿಯರು ಮಕ್ಕಳನ್ನು ಗದರಿಸುತ್ತಿದ್ದರು. ಇದರಲ್ಲಿ ಭಕ್ತಿ ಎಷ್ಟಿತ್ತೋ ಅಷ್ಟೇ ಶಿಕ್ಷಣವೂ ಇತ್ತೆಂದು ನನಗೆ ಈಗ ತೋರುತ್ತದೆ. ಹೊಸ್ತಿಲನ್ನು ಮೆಟ್ಟಬಾರದೆಂಬ ಕಟ್ಟಳೆಯಲ್ಲಿ ಬೆಳೆದ ಮಗುವಿನ ಕಾಲು ಬಾಗಿಲ ಬಳಿ ಬಂದಾಗ ತನ್ನಷ್ಟಕ್ಕೆ ತಾನೇ ಮೇಲೇಳುವುದನ್ನು ಕಲಿಯುತ್ತದೆ. ಕತ್ತಲೆಯಲ್ಲಿಯೂ ಅದು ಮರೆಯುವುದಿಲ್ಲ.

ಆ ಕಾಲದಲ್ಲಿ ನೆಲಗಳಿಗೆ ಪರಸ್ಪರ ಭೇದವೂ ಇರಲಿಲ್ಲ. ಸಗಣಿ ಸಾರಿಸಿದ ನೆಲವಾದರೆ ಮನೆಯೆಲ್ಲ ಅದೇ. ಆ ಮೇಲೆ ಸಿಮೆಂಟಿಗೆ ಕೆಂಪು ಹುಡಿಯನ್ನು ಬೆರೆಸಿ ಉಜ್ಜಿ ನುಣುಪು ಮಾಡಿದ ಕೆಂಪು ನೆಲ ಬಂದಿತು. ಅದೂ ಮನೆಯೆಲ್ಲ ಒಂದೇ. ಈಗ ಕೋಣೆಗೊಂದು ನೆಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ನಮ್ಮ ಜಿಲ್ಲೆಯ ಮಣ್ಣು ಹಂಚಾಗಿ ದೇಶಾಂತರಗಳ ಮಾಡುಗಳನ್ನು ಏರಿತು. ಇಂದು ಗುಜರಾತಿನ ಮೋರ್ಬಿಯಲ್ಲಿ ತಯಾರಾದ ಟೈಲುಗಳು ಲಾರಿಗಳಲ್ಲಿ ಬಂದು ನಮ್ಮ ನೆಲಗಳನ್ನು ಸೇರುತ್ತಿವೆ. ಒಂದು ಕೋಣೆಯಲ್ಲಿ ಅಜ್ಜನ ಕಾಲದ ಕೆಂಪು, ಪಕ್ಕದ ಕೋಣೆಯಲ್ಲಿ ನಿನ್ನೆ ಮೊನ್ನೆ ಹಾಸಿದ ಬೂದುಬಣ್ಣ. ಹೊಸ ದಾರಂದಗಳಿಗೆ ಕೆಳಗಿನ ಮರವೂ ಇಲ್ಲ, ಮೂರೇ ಮರ. ಎರಡು ನೆಲಗಳನ್ನೂ ತನ್ನ ಕೆಳಗೆ ಅಡಗಿಸಿಕೊಳ್ಳುತ್ತಿದ್ದ ಹೊಸ್ತಿಲು ಹೋದುದರಿಂದ, ಒಂದು ಎಲ್ಲಿ ನಿಲ್ಲಬೇಕು, ಇನ್ನೊಂದು ಎಲ್ಲಿಂದ ಹೊರಡಬೇಕು ಎಂಬ ಪ್ರಶ್ನೆ ಹೊಸದಾಗಿ ಹುಟ್ಟಿತು.

ನಮ್ಮ ಮನೆಯಲ್ಲಿ ಆ ಪ್ರಶ್ನೆ ಎದ್ದುದು ನನ್ನ ತಾಯಿಯವರ ನಿಮಿತ್ತವಾಗಿ. ಅವರಿಗೆ ಈಗ ಎಂಬತ್ತಮೂರು ನಡೆಯುತ್ತಿದೆ. ಎರಡು ಕಣ್ಣುಗಳ ಪೊರೆಯನ್ನೂ ತೆಗೆಸಿದ್ದಾಗಿದೆ. ಕೈಯಲ್ಲಿ ಕೋಲು ಬಂದಿದೆ. ರಾತ್ರಿ ಎರಡು ಮೂರು ಸಲ ಏಳಬೇಕಾಗುತ್ತದೆ. ಹಳೆಯ ಕ್ರಮದಂತೆ ನಮ್ಮ ಸ್ನಾನದ ಮನೆ ಅಂಗಳದ ಆಚೆ. ಆಷಾಢದ ಮಳೆಯಲ್ಲಿ, ಕರೆಂಟು ಹೋದ ರಾತ್ರಿಯಲ್ಲಿ, ಪಾಚಿಗಟ್ಟಿದ ಅಂಗಳವನ್ನು ದಾಟುವುದು ಪ್ರಾಯದವರಿಗೂ ಕಷ್ಟ. ಅವರ ಕೋಣೆಗೆ ತಗುಲಿಕೊಂಡು ಪತ್ತಾಯದ ಕೋಣೆ ಇದೆ. ಬತ್ತದ ಬೇಸಾಯ ನಿಂತು ಅಡಿಕೆ ಮಾತ್ರ ಉಳಿದ ಮೇಲೆ ಪತ್ತಾಯ ಬರಿದಾಗಿಯೇ ಇತ್ತು. ಅದನ್ನು ತೆಗೆಯಿಸಿ, ಕೋಣೆಯನ್ನು ಎರಡು ಪಾಲು ಮಾಡಿ, ಹಿಂದಿನ ಪಾಲಿನಲ್ಲಿ ಸ್ನಾನದ ಕೋಣೆಯನ್ನು ಕಟ್ಟಿಸುವುದೆಂದು ನಿಶ್ಚಯಿಸಿದೆವು. ಏನೇನು ಬೇಕೆಂದು ತಾಯಿಯವರನ್ನು ಕೇಳಿದಾಗ ಅವರು ಹೇಳಿದುದು ಇಷ್ಟೇ: “ನನಗೆ ಬೇರೆ ಏನೂ ಬೇಡ ಮಗಾ. ರಾತ್ರಿ ಯಾರ ನಿದ್ದೆಯನ್ನೂ ಕೆಡಿಸದೆ ಹೋಗಿ ಬರುವ ಹಾಗೆ ಆದರೆ ಸಾಕು.”

ಪತ್ತಾಯದ ಭಾರಕ್ಕೆ ಆ ಕೋಣೆಯ ಕೆಂಪು ನೆಲ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಅದನ್ನು ಅಗೆಯದೆ ಮೇಲೆಯೇ ಟೈಲು ಹಾಸಬಹುದೆಂದು ಮೇಸ್ತ್ರಿ ಹೇಳಿದರು. ಟೈಲಿನ ದಪ್ಪ ಎಂಟು ಹತ್ತು ಮಿಲಿಮೀಟರು, ಅದನ್ನು ಕೂರಿಸುವ ಅಂಟಿನ ದಪ್ಪ ಮೂರು ನಾಲ್ಕು. ಕೂಡಿದರೆ ಸುಮಾರು ಅರ್ಧ ಅಂಗುಲ. ತಾಯಿಯವರ ಕೋಣೆಯ ನೆಲ ಇದ್ದಲ್ಲಿಯೇ ಇರುತ್ತದೆ, ಪಕ್ಕದ ನೆಲ ಅರ್ಧ ಅಂಗುಲ ಏರುತ್ತದೆ. ನಡುವಣ ಹೊಸ್ತಿಲನ್ನು ಕಿತ್ತರೆ ಉಳಿಯುವುದು ಆ ಅರ್ಧ ಅಂಗುಲದ ಮೆಟ್ಟಿಲು ಮಾತ್ರ. ಅದು ಲೆಕ್ಕಕ್ಕೆ ಬಾರದೆಂಬುದು ಅವರ ಅಭಿಪ್ರಾಯ. ಮಂಚದ ಮೇಲೆ ಕುಳಿತು ಕೇಳುತ್ತಿದ್ದ ತಾಯಿಯವರು ಒಪ್ಪಲಿಲ್ಲ. “ದೊಡ್ಡ ಹೊಸ್ತಿಲು ಕಾಲಿಗೆ ಹೇಳಿ ನಿಲ್ಲಿಸುತ್ತದೆ, ಸಣ್ಣದು ಹೇಳದೆ ಹಿಡಿಯುತ್ತದೆ” ಎಂದರು.

ಈ ಮಾತು ಎಷ್ಟು ನಿಜವೆಂಬುದನ್ನು ಮನುಷ್ಯನ ನಡಿಗೆಯನ್ನು ಅಳೆದು ನೋಡಿದ ಶಾಸ್ತ್ರಜ್ಞರೂ ಹೇಳುತ್ತಾರೆ. ನಾವು ಸಮನೆಲದಲ್ಲಿ ನಡೆಯುವಾಗ ಮುಂದಕ್ಕೆ ಬರುವ ಪಾದದ ಬೆರಳ ತುದಿಯು ಹೆಜ್ಜೆಯ ನಡುವಣ ಒಂದು ಹಂತದಲ್ಲಿ ನೆಲದಿಂದ ಒಂದೆರಡು ಸೆಂಟಿಮೀಟರು ಮಾತ್ರ ಮೇಲಿರುತ್ತದೆ. ಅರ್ಧ ಅಂಗುಲವೆಂದರೆ ಸುಮಾರು 13 ಮಿಲಿಮೀಟರು. ಪಾದಕ್ಕೂ ನೆಲಕ್ಕೂ ಇರುವ ಎಡೆಯೂ ಹೆಚ್ಚುಕಡಮೆ ಅಷ್ಟೆ. ಮೂರು ಅಂಗುಲದ ಹೊಸ್ತಿಲನ್ನು ಕಣ್ಣು ಕಾಣುತ್ತದೆ, ಕಾಲು ಏಳುತ್ತದೆ. ಅರ್ಧ ಅಂಗುಲವನ್ನು ಕಣ್ಣು ಕಾಣುವುದಿಲ್ಲ, ಕಾಲು ಏಳುವುದಿಲ್ಲ. ಬೆರಳು ಹೋಗಿ ತಾಗುತ್ತದೆ. ಪ್ರಾಯದವನಾದರೆ ಮುಗ್ಗರಿಸಿ ನಗುತ್ತಾನೆ. ವೃದ್ಧರು ಬೀಳುತ್ತಾರೆ.

ಬೀಳುವುದು ಸಣ್ಣ ಸಂಗತಿಯಲ್ಲ. ನಮ್ಮ ಬಂಧುಗಳ ಮನೆಯೊಂದರಲ್ಲಿ, ತೋಟದ ಕೆಲಸವನ್ನೆಲ್ಲ ತಾವೇ ನೋಡಿಕೊಳ್ಳುತ್ತಿದ್ದ ಗಟ್ಟಿಮುಟ್ಟಾದ ಹೆಂಗಸು, ಹೊಸದಾಗಿ ಟೈಲು ಹಾಸಿದ ಚಾವಡಿಯ ಅಂಚಿಗೆ ಕಾಲು ತಾಗಿ ಬಿದ್ದು ಸೊಂಟದ ಮೂಳೆಯನ್ನು ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಆಯಿತು. ಆದರೆ ಆ ಮೇಲೆ ಅವರು ತೋಟಕ್ಕೆ ಇಳಿದುದೇ ಇಲ್ಲ. ಎರಡು ಮಳೆಗಾಲ ಮಂಚದಲ್ಲಿ ಕಳೆದು ತೀರಿಕೊಂಡರು. ಜಗತ್ತಿನಲ್ಲಿ ಆಕಸ್ಮಿಕವಾದ ಗಾಯಗಳಿಂದ ಸಂಭವಿಸುವ ಮರಣಗಳಿಗೆ ರಸ್ತೆಯ ಅಪಘಾತ ಮೊದಲನೆಯ ಕಾರಣ, ಬೀಳುವುದು ಎರಡನೆಯ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯವರು ಲೆಕ್ಕ ಹಾಕಿದ್ದಾರೆ. ಹೆದ್ದಾರಿಯ ಮಗ್ಗುಲಲ್ಲಿ ವಾಸಿಸುವ ನಾವು ಲಾರಿಗಳಿಗೆ ಹೆದರಿ ಮುದುಕರನ್ನೂ ಮಕ್ಕಳನ್ನೂ ಕೈಹಿಡಿದು ರಸ್ತೆ ದಾಟಿಸುತ್ತೇವೆ. ಮನೆಯ ಒಳಗೆ ಅವರು ದಾಟಬೇಕಾದುದರ ಕಡೆಗೆ ನಮ್ಮ ದೃಷ್ಟಿ ಹೋಗುವುದಿಲ್ಲ.

ಆಗ ನಮಗೆ ನೆರವಾದವರು ಆಚಾರಿ. ನಮ್ಮ ಮನೆಯ ಮರಗೆಲಸವನ್ನು ಅವರ ತಂದೆಯ ಕಾಲದಿಂದಲೂ ಅವರ ಕುಟುಂಬದವರೇ ಮಾಡುತ್ತ ಬಂದಿದ್ದಾರೆ. ಎರಡು ನೆಲಗಳು ಕೂಡುವ ಗೆರೆಯನ್ನು ಗೋಡೆಯ ದಪ್ಪದ ಸರಿನಡುವೆ ಇಡಬೇಕೆಂದು ಮೇಸ್ತ್ರಿಯ ವಾದ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ: ಗೋಡೆ ಇಬ್ಬರಿಗೂ ಸೇರಿದ್ದು, ಅರ್ಧ ಅವರಿಗೆ, ಅರ್ಧ ಇವರಿಗೆ. ಆಚಾರಿ ಮಾತನಾಡದೆ ಹೋಗಿ ಕದವನ್ನು ಮುಚ್ಚಿದರು. ಆ ಮೇಲೆ ತುಳುವಿನಲ್ಲಿ ಅವರು ಹೇಳಿದುದರ ತಾತ್ಪರ್ಯ ಹೀಗೆ: “ನೋಡಿ ಅಣ್ಣ, ಕೋಣೆಯನ್ನು ಬೇರೆ ಮಾಡುವುದು ಗೋಡೆಯ ನಡುವಲ್ಲ, ಕದ. ಕದ ಗೋಡೆಯ ನಡುವಿನಲ್ಲಿ ನಿಲ್ಲುವುದಿಲ್ಲ. ಯಾವ ಕಡೆಗೆ ತೆರೆಯುತ್ತದೆಯೋ ಆ ಕಡೆಯ ಅಂಚಿನಲ್ಲಿ ನಿಲ್ಲುತ್ತದೆ. ಗೆರೆಯನ್ನು ನಡುವಿನಲ್ಲಿ ಇಟ್ಟರೆ, ಮುಚ್ಚಿದ ಕದದ ಈಚೆಗೆ ಆಚೆಯ ಕೋಣೆಯ ನೆಲ ಮೂರು ಅಂಗುಲಕ್ಕೂ ಮಿಕ್ಕಿ ಇಣುಕುತ್ತದೆ.”

ನೋಡಿದರೆ ಹಾಗೆಯೇ. ನಮ್ಮ ಗೋಡೆಯ ದಪ್ಪ ಒಂಬತ್ತು ಅಂಗುಲ, ಕದದ ದಪ್ಪ ಒಂದೂಕಾಲು ಅಂಗುಲ. ಎರಡು ನೆಲಗಳು ಕೂಡುವ ಗೆರೆಯು ಆ ಒಂದೂಕಾಲು ಅಂಗುಲದ ನೆರಳಿನಲ್ಲಿ ಬಿದ್ದರೆ, ಕದ ಮುಚ್ಚಿರುವಾಗ ಕೆಂಪು ಕೋಣೆಯಲ್ಲಿ ಕೂತವರಿಗೆ ಕೆಂಪು ಮಾತ್ರ, ಬೂದು ಕೋಣೆಯಲ್ಲಿ ನಿಂತವರಿಗೆ ಬೂದು ಮಾತ್ರ ಕಾಣುತ್ತದೆ. ಅಷ್ಟೇ ಅಲ್ಲದೆ, ಟೈಲಿನ ಅಂಚು ಒಡೆಯದಂತೆಯೂ, ಮಳೆಗಾಲದಲ್ಲಿ ಮರ ಉಬ್ಬುವುದಕ್ಕೆ ಬಿಡಬೇಕಾದ ಸಣ್ಣ ಸಂದು ಕಣ್ಣಿಗೆ ಬೀಳದಂತೆಯೂ ಕದವೇ ಮರೆಯಾಗಿ ನಿಲ್ಲುತ್ತದೆ. ಕದವೇ ಇಲ್ಲದ ಬರಿಯ ಕಂಡಿಯಾದರೆ ಮಾತ್ರ ಗೋಡೆಯ ನಡುವಣ ಗೆರೆ ಒಪ್ಪುತ್ತದೆ.

ಇನ್ನು ಕದ ಯಾವ ಕಡೆಗೆ ತೆರೆಯಬೇಕು? ಅದುವರೆಗೆ ಅದು ತಾಯಿಯವರ ಕೋಣೆಯೊಳಕ್ಕೆ ತೆರೆಯುತ್ತಿತ್ತು. ಕೋಲು ಹಿಡಿದವರು ಕದವನ್ನು ತಮ್ಮ ಕಡೆಗೆ ಎಳೆಯಬೇಕಾದರೆ ಒಂದು ಹೆಜ್ಜೆ ಹಿಂದಕ್ಕೆ ಸರಿಯಬೇಕು. ನಿದ್ದೆಗಣ್ಣಿನ ಮುದುಕರಿಗೆ ಇದರಷ್ಟು ಅಪಾಯಕರವಾದುದು ಇಲ್ಲ. ಆದುದರಿಂದ ಆಚಾರಿ ಬಿಜಾಗರಿಗಳನ್ನು ಕಿತ್ತು, ಕದವು ಎತ್ತರದ ಟೈಲು ನೆಲದ ಕಡೆಗೆ ತೆರೆಯುವಂತೆ ತಿರುಗಿಸಿ ಕೂರಿಸಿದರು. ಇದರಿಂದ ಮತ್ತೊಂದು ಲಾಭವಾಯಿತು. ಟೈಲು ಕದದ ಅಡಿಯಲ್ಲಿ ಮುಗಿಯಿತು. ಕದದಿಂದ ಈಚೆಗೆ, ತಾಯಿಯವರ ಕೋಣೆಯವರೆಗೆ, ಗೋಡೆಯ ದಪ್ಪದಲ್ಲಿ ಸುಮಾರು ಏಳು ಅಂಗುಲ ಎಡೆ ಉಳಿಯಿತು. ಅರ್ಧ ಅಂಗುಲದ ಮೆಟ್ಟಿಲನ್ನು ಇಳಿಜಾರನ್ನಾಗಿ ಮಾಡುವುದಕ್ಕೆ ಬೇಕಾದ ಸ್ಥಳವೇ ಅದು.

ಇಳಿಜಾರಿನ ಲೆಕ್ಕವೂ ನಿಶ್ಚಿತವಾದುದು. ಅಮೆರಿಕದಲ್ಲಿ 1990ರಲ್ಲಿ ಆದ ಅಂಗವಿಕಲರ ಹಕ್ಕಿನ ಕಾಯಿದೆಯನ್ನು ಅನುಸರಿಸಿ ಮಾಡಿದ ಕಟ್ಟಡದ ನಿಯಮಗಳಲ್ಲಿ, ಕಾಲು ಅಂಗುಲದವರೆಗಿನ ಏರುಪೇರು ಹಾಗೆಯೇ ಇರಬಹುದು. ಕಾಲಿನಿಂದ ಅರ್ಧ ಅಂಗುಲದವರೆಗೆ ಇದ್ದರೆ ಅಂಚನ್ನು ಓರೆಯಾಗಿ ಕೆತ್ತಲೇಬೇಕು. ಅರ್ಧ ಅಂಗುಲವನ್ನು ಮೀರಿದರೆ ಹನ್ನೆರಡಕ್ಕೆ ಒಂದರಂತೆ ಇಳಿಜಾರು ಮಾಡಬೇಕು ಎಂದಿದೆ. ನಾವು ಅರ್ಧ ಅಂಗುಲಕ್ಕೇ ಹನ್ನೆರಡಕ್ಕೆ ಒಂದರ ಲೆಕ್ಕವನ್ನು ಹಿಡಿದೆವು. ಅರ್ಧ ಅಂಗುಲಕ್ಕೆ ಆರು ಅಂಗುಲ ಅಗಲದ ಪಟ್ಟಿ ಸಾಕು. ನಮ್ಮಲ್ಲಿ ಏಳು ಇತ್ತು.

ಪಟ್ಟಿಯನ್ನು ಯಾವುದರಿಂದ ಮಾಡುವುದು? ಅಂಗಡಿಯಲ್ಲಿ ಅಲ್ಯೂಮಿನಿಯಮ್ಮಿನ ಪಟ್ಟಿಗಳು ಸಿಕ್ಕುತ್ತವೆ, ಗ್ರಾನೈಟಿನವು ಸಿಕ್ಕುತ್ತವೆ. ಆಚಾರಿ ತಾಯಿಯವರ ಮುಖವನ್ನು ನೋಡಿ, “ಅಮ್ಮಾ, ಕಿತ್ತ ಹೊಸ್ತಿಲು ಹಲಸಿನದು. ಮರದ ತಿರುಳು ಇನ್ನೂ ಗಟ್ಟಿಯಾಗಿದೆ. ಅದನ್ನೇ ಹೆರೆದು ಹಾಕಲೋ?” ಎಂದು ಕೇಳಿದರು. ಹೊಸ್ತಿಲನ್ನು ಕೀಳಲು ಒಪ್ಪಿದ್ದರೂ ಅದು ಅಂಗಳದ ಮೂಲೆಗೆ ಹೋಗಿ ಬಿದ್ದುದನ್ನು ತಾಯಿಯವರು ಸಂತೋಷದಿಂದ ನೋಡಿರಲಿಲ್ಲ. ಅರುವತ್ತು ವರ್ಷ ತಾವು ದಾಟಿದ ಮರ. ನಡುವೆ ಸವೆದು ತಗ್ಗಾದ ಮರ. “ಹಾಕಿ ಆಚಾರಿಗಳೇ. ಇಷ್ಟು ದಿವಸ ಮೆಟ್ಟಬಾರದಿತ್ತು, ಇನ್ನು ಮೆಟ್ಟಿದರೂ ಅದು ಬೇಸರ ಮಾಡಲಿಕ್ಕಿಲ್ಲ” ಎಂದರು.

ಆಚಾರಿ ಅದನ್ನು ಸೀಳಿ, ಸವೆದ ಭಾಗವನ್ನು ಹೆರೆದು ತೆಗೆದು, ಒಂದು ಅಂಚು ಅರ್ಧ ಅಂಗುಲ, ಇನ್ನೊಂದು ಅಂಚು ತೆಳ್ಳಗೆ ಬರುವಂತೆ ಪಟ್ಟಿಯನ್ನು ಮಾಡಿದರು. ತೆಳುವಾದ ಅಂಚು ಸಿಬಿರೊಡೆದು ಕಾಲಿಗೆ ಚುಚ್ಚಬಾರದೆಂದು ಕೆಂಪು ನೆಲದಲ್ಲಿ ಸಣ್ಣ ಗಾಡಿಯನ್ನು ಕೊರೆದು ಅಂಚನ್ನು ಅದರೊಳಗೆ ಇಳಿಸಿದರು. ಅಡಿಯ ಮೈಗೆ ಗೆದ್ದಲು ಹತ್ತದಂತೆ ಗೇರೆಣ್ಣೆಯನ್ನು ಬಳಿದರು. ಹೊಸ್ತಿಲು ಹೋದ ಮೇಲೆ ಕದದ ಕೆಳಗೆ ಉಳಿದ ಕಂಡಿಯನ್ನು ಮುಚ್ಚಲು ಕದದ ಬುಡಕ್ಕೆ ಹಲಗೆಯ ತುಂಡನ್ನು ಕೂಡಿಸಿದರು. ದಾರಂದದ ನಿಂತ ಮರಗಳು ಸಡಿಲವಾಗದಂತೆ ಕಬ್ಬಿಣದ ಪಟ್ಟಿಗಳಿಂದ ಗೋಡೆಗೆ ಬಿಗಿದರು. ಹಲಸಿನ ಹಳದಿ ಬಣ್ಣವು ಕೆಂಪಿಗೂ ಬೂದಿಗೂ ನಡುವೆ ಎದ್ದು ಕಾಣುವುದರಿಂದ, ಸಣ್ಣ ದೀಪದ ಬೆಳಕಿನಲ್ಲಿಯೂ ಬಾಗಿಲು ಎಲ್ಲಿದೆಯೆಂದು ಮಂದದೃಷ್ಟಿಗೂ ತಿಳಿಯುತ್ತದೆ.

ಎರಡನೆಯದು ಸ್ನಾನದ ಕೋಣೆಯ ಬಾಗಿಲು. ಅಲ್ಲಿ ನೀರಿನ ವಿಚಾರ ಬರುತ್ತದೆ. ಸಾಧಾರಣವಾಗಿ ನೀರು ಹೊರಗೆ ಬರಬಾರದೆಂದು ಅಂಗುಲ ಎರಡಂಗುಲ ಎತ್ತರದ ಕಲ್ಲನ್ನು ಇಡುತ್ತಾರೆ. ಒದ್ದೆ ಕಾಲಿನವರು ಎಡವುವುದು ಅಲ್ಲಿಯೇ. ನಾವು ಕಲ್ಲನ್ನು ಎತ್ತರಿಸುವುದಕ್ಕೆ ಬದಲಾಗಿ ಒಳಗಿನ ನೆಲವನ್ನು ಕಾಲು ಅಂಗುಲ ತಗ್ಗಿಸಿ, ನೀರು ಬಾಗಿಲಿನಿಂದ ದೂರಕ್ಕೆ ಹರಿಯುವಂತೆ ಓರೆ ಕೊಡಿಸಿದೆವು. ಕದದ ಅಡಿಗೆ ಗ್ರಾನೈಟಿನ ಪಟ್ಟಿ; ಅದರ ಹೊರ ಅಂಚು ಹೊರಗಿನ ನೆಲಕ್ಕೆ ಸಮ, ಒಳ ಅಂಚು ಸ್ವಲ್ಪ ತಗ್ಗು. ಕದದ ಮೈಯಿಂದ ಜಾರಿದ ನೀರು ಒಳಕ್ಕೇ ಹೋಗುತ್ತದೆ. ಈ ಕದ ಮಾತ್ರ ಹೊರಕ್ಕೆ ತೆರೆಯಬೇಕು. ಒಳಗೆ ಯಾರಾದರೂ ಬಿದ್ದರೆ ಅವರ ಮೈಯೇ ಕದಕ್ಕೆ ಅಡ್ಡವಾಗಿ, ನೆರವಿಗೆ ಹೋದವರು ಒಳಗೆ ಹೋಗಲಾರದಂತೆ ಆಗಕೂಡದು.

ಹೆಬ್ಬಾಗಿಲಿನ ಹೊಸ್ತಿಲನ್ನು ನಾವು ಮುಟ್ಟಲಿಲ್ಲ. ಮಳೆಯೂ ಹಾವೂ ಇರುವ ತನಕ ಅಲ್ಲಿ ಅದರ ಕೆಲಸ ಮುಗಿಯುವುದಿಲ್ಲ. ಸೋಣ ತಿಂಗಳ ಹೂವೂ ಅದಕ್ಕೆ ಸಲ್ಲಬೇಕು. ಆದರೆ ಒಳಬಾಗಿಲಿನ ಹೊಸ್ತಿಲು ಯಾರನ್ನು ತಡೆಯಬೇಕು? ತಡೆಯುವುದು ಮನೆಯವರನ್ನೇ ಆದರೆ ಅದು ಮಲಗುವುದೇ ಲೇಸು.

ಸಂಸ್ಕೃತದಲ್ಲಿ ದೇಹಲೀದೀಪನ್ಯಾಯವೆಂಬ ಒಂದು ನ್ಯಾಯವಿದೆ. ಹೊಸ್ತಿಲ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಏಕಕಾಲದಲ್ಲಿ ಬೆಳಗುತ್ತದೆ ಎಂಬುದು ಅದರ ಅರ್ಥ. ವಾಕ್ಯದಲ್ಲಿ ಒಂದೇ ಪದವು ಹಿಂದಣದಕ್ಕೂ ಮುಂದಣದಕ್ಕೂ ಅನ್ವಯಿಸುವಾಗ ಪಂಡಿತರು ಇದನ್ನು ಉದಾಹರಿಸುತ್ತಾರೆ. ಕದದ ಕೆಳಗಿನ ಪಟ್ಟಿಯ ಧರ್ಮವೂ ಅದೇ ಎಂದು ನನಗೆ ತೋರುತ್ತದೆ. ಅದು ಎರಡು ಕೋಣೆಗಳಿಗೂ ಸೇರಿದ್ದು. ಯಾವುದರ ಪಾಲನ್ನೂ ಕಬಳಿಸದೆ ಎರಡಕ್ಕೂ ನಡೆಯಗೊಡಬೇಕು. ಹಳೆಯ ನೆಲವನ್ನು ಕಿತ್ತೆಸೆಯದೆ ಹೊಸದನ್ನು ತಂದುಕೊಳ್ಳುವ ಮನೆಗಳಿಗೆ ಇಂಥ ಪಟ್ಟಿ ಎಲ್ಲೆಲ್ಲಿಯೂ ಬೇಕು.

ಈಗ ತಾಯಿಯವರು ರಾತ್ರಿ ಎದ್ದು ಹೋಗಿ ಬರುತ್ತಾರೆ. ಎಷ್ಟು ಸಲ ಎಂಬುದು ನಮಗೆ ತಿಳಿಯದು. ತಿಳಿಯಬಾರದೆಂದೇ ಅವರು ಬಯಸಿದ್ದರು.

ಮನೆಯಲ್ಲಿ ನೆಲದ ಕೆಲಸವನ್ನು ಆರಂಭಿಸುವ ಗೃಹಸ್ಥರಿಗೆ ನನ್ನ ವಿಜ್ಞಾಪನೆ ಸ್ವಲ್ಪವೇ. ಮೇಸ್ತ್ರಿ ಸಿಮೆಂಟು ಕಲಸುವುದಕ್ಕೆ ಮೊದಲೇ ಕದ ಯಾವ ಕಡೆಗೆ ತೆರೆಯಬೇಕೆಂದು ನಿಶ್ಚಯಿಸಿರಿ. ಆ ಮೇಲೆ ಕದವನ್ನು ಮುಚ್ಚಿ, ಅದರ ಎರಡು ಮೈಗಳ ಗುಂಟ ನೆಲದ ಮೇಲೆ ಸೀಸದಕಡ್ಡಿಯಿಂದ ಎರಡು ಗೆರೆಗಳನ್ನು ಎಳೆಯಿರಿ. ನೆಲಗಳು ಕೂಡತಕ್ಕದ್ದು ಆ ಎರಡು ಗೆರೆಗಳ ನಡುವೆ. ಏರುಪೇರು ಎಷ್ಟು ಉಳಿಯುವುದೆಂದು ಕೇಳಿ ತಿಳಿಯಿರಿ, ಅದಕ್ಕೆ ತಕ್ಕ ಇಳಿಜಾರಿಗೆ ಎಡೆ ಇದೆಯೇ ಎಂದು ಅಳೆಯಿರಿ. ಕಡೆಯದಾಗಿ, ಮನೆಯಲ್ಲಿ ಎಲ್ಲರಿಗಿಂತ ಮೆಲ್ಲಗೆ ನಡೆಯುವವರು ಯಾರೋ ಅವರನ್ನು ಕರೆದು, ಅವರ ಮಾತನ್ನು ಕೇಳಿರಿ. ನೆಲದ ವಿಷಯದಲ್ಲಿ ಅವರಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿದಿರುವುದಿಲ್ಲ.